ಗೃಹಸ್ಥರೂ ಹೊಸ ಟೀವಿಯೂ

ಮನೆಗೆ ಬೇಕಾದ ಪದಾರ್ಥಗಳಲ್ಲಿ ಕೆಲವನ್ನು ನಾವು ಅಳೆದು ತರುತ್ತೇವೆ. ಕೆಲವನ್ನು ಅಳೆಯದೆಯೇ ತರುತ್ತೇವೆ. ದರ್ಜಿಯು ಭುಜವನ್ನೂ ತೋಳನ್ನೂ ಅಳೆಯದೆ ಕತ್ತರಿಯನ್ನು ಮುಟ್ಟಲಾರನು. ಕನ್ನಡಕದವನು ಕಣ್ಣನ್ನು ಪರೀಕ್ಷಿಸದೆ ಗಾಜನ್ನು ಕೂಡಿಸಲಾರನು. ಆದರೆ ಮನೆಮಂದಿಯೆಲ್ಲರ ಕಣ್ಣು ಕಿವಿಗಳಿಗೆ ದಿನವೂ ಎರಡು ಮೂರು ಗಂಟೆಗಳ ಕಾಲ ಒದಗಬೇಕಾದ ಟೀವಿಯನ್ನು ಮಾತ್ರ, ಮನೆಯನ್ನಾಗಲಿ ಮನೆಯವರನ್ನಾಗಲಿ ಅಳೆಯದೆ, ಅಂಗಡಿಯ ಗೋಡೆಯ ಮೇಲೆ ಯಾವುದು ಹೆಚ್ಚಾಗಿ ಥಳಥಳಿಸುವುದೋ ಅದನ್ನೇ ಕೊಂಡು ತರುವುದು ರೂಢಿಯಾಗಿದೆ. ಈ ರೂಢಿಯು ಯುಕ್ತವೇ ಎಂಬುದನ್ನು ವಿಚಾರಿಸಿ, ಕೊಳ್ಳುವವರಿಗೆ ಪ್ರಯೋಜನವಾಗಬಹುದಾದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಟೀವಿಯೆಂಬುದು ಅಲ್ಪವಾದ ವಸ್ತು, ಅದರ ವಿಷಯವಾಗಿ ಇಷ್ಟು ಮೀಮಾಂಸೆಯೇಕೆ ಎಂದು ಕೆಲವರು ಕೇಳಬಹುದು. ಅದು ಅಲ್ಪವಲ್ಲವೆಂಬುದನ್ನು ಅದರ ಚರಿತ್ರೆಯೇ ಹೇಳುವುದು. ನಮ್ಮ ದೇಶಕ್ಕೆ ದೂರದರ್ಶನವು ಬಂದುದು ೧೯೫೯ನೆಯ ಇಸವಿ ಸೆಪ್ಟೆಂಬರ್ ೧೫ರಂದು, ದೆಹಲಿಯಲ್ಲಿ. ಕನ್ನಡನಾಡಿನಲ್ಲಿ ಅದು ರಾಜಧಾನಿಗಿಂತ ಮುಂಚೆ ಹಳ್ಳಿಗಳನ್ನು ಮುಟ್ಟಿತು. ೧೯೭೫ರ ಆಗಸ್ಟ್ ತಿಂಗಳಿಂದ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ನಡೆದ ಪ್ರಯೋಗದಲ್ಲಿ, ೬ ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ಟೀವಿಗಳನ್ನು ಇರಿಸಲಾಗಿತ್ತು; ನಮ್ಮ ರಾಜ್ಯದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳು ಆ ಪ್ರಯೋಗಕ್ಕೆ ಸೇರಿದ್ದುವು. ಒಂದು ಪೆಟ್ಟಿಗೆಯ ಮುಂದೆ ಊರಿನ ಜನರು ಒಟ್ಟಾಗಿ ಕುಳಿತು ನೋಡಿದ ಕಾಲವದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು ೧೯೮೧ರಲ್ಲಿ. ವರ್ಣಚಿತ್ರವು ದೇಶಕ್ಕೆ ಬಂದುದು ೧೯೮೨ರಲ್ಲಿ. ೧೯೪೮ರಲ್ಲಿ ಅಸ್ತಿಭಾರವನ್ನು ಕಂಡ ಜಯನಗರದಲ್ಲಿ ಆ ವೇಳೆಗೆ ಒಂದು ತಲೆಮಾರು ಬೆಳೆದು ನಿಂತಿತ್ತು. ೧೯೮೭ರಲ್ಲಿ ರಾಮಾಯಣವು ಆರಂಭವಾದಾಗ, ಭಾನುವಾರದ ಬೆಳಗ್ಗೆ ಟೀವಿಯಿದ್ದವರ ಮನೆಗೆ ಇಲ್ಲದವರು ಬಂದು ಚಾಪೆಯ ಮೇಲೆ ಕುಳಿತುಕೊಂಡು ನೋಡುತ್ತಿದ್ದುದನ್ನು ಅರುವತ್ತು ದಾಟಿದವರಾರೂ ಮರೆತಿರಲಾರರು.

ಆಮೇಲೆ ಬೀದಿಗೊಂದಿದ್ದ ಟೀವಿಯು ಮನೆಗೊಂದಾಯಿತು. ಈಗ ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಮೊಬೈಲು ಇರುವುದರಿಂದ, ಮಗನು ಒಂದು ಕೋಣೆಯಲ್ಲಿ, ಸೊಸೆಯು ಇನ್ನೊಂದರಲ್ಲಿ, ಮೊಮ್ಮಗನು ಮಹಡಿಯ ಮೇಲೆ, ತಮತಮಗೆ ಬೇಕಾದುದನ್ನು ನೋಡಿಕೊಳ್ಳುತ್ತಾರೆ. ಊಟದ ಹೊತ್ತನ್ನು ಬಿಟ್ಟರೆ, ಮನೆಯವರೆಲ್ಲ ಕೂಡಿ ಕುಳಿತುಕೊಳ್ಳುವ ಸ್ಥಳವಾಗಿ ಅನೇಕ ಮನೆಗಳಲ್ಲಿ ಉಳಿದಿರುವುದು ಹಜಾರದ ಟೀವಿಯ ಮುಂದೆ ಮಾತ್ರ. ಆಯ್ಕೆಯು ತಪ್ಪಿದರೆ ಹಣವೊಂದೇ ಅಲ್ಲ, ಆ ಸ್ಥಳವೂ ಕೆಡುವುದು. ಇಷ್ಟು ಮೀಮಾಂಸೆಗೆ ಅದೇ ಕಾರಣ.

ಹಾಗಾದರೆ ಯಾರನ್ನು ಪ್ರಮಾಣವಾಗಿ ಇಟ್ಟುಕೊಂಡು ಆರಿಸಬೇಕು? ಸಾಮಾನ್ಯವಾಗಿ ಆರಿಸುವವನು ಮನೆಯಲ್ಲಿ ಸಂಪಾದಿಸುವವನು. ಅವನ ಕಣ್ಣು ಚುರುಕು, ಕಿವಿ ಚುರುಕು, ಬೆರಳು ಅದಕ್ಕಿಂತಲೂ ಚುರುಕು. ಅವನಿಗೆ ಯಾವ ಟೀವಿಯಾದರೂ ಹೊಂದುವುದು. ಯಾರಿಗೆ ಸುಲಭವಾಗಿ ಹೊಂದುವುದಿಲ್ಲವೋ ಅವರನ್ನೇ ಪ್ರಮಾಣವಾಗಿ ಗ್ರಹಿಸುವುದು ನ್ಯಾಯ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಎಲ್ಲರಿಗಿಂತ ಕಿರಿಯರು ಯಾರು? ಈ ಇಬ್ಬರಿಗೆ ಒಪ್ಪುವ ಟೀವಿಯು ನಡುವಿನವರಿಗೆಲ್ಲ ತಾನಾಗಿಯೇ ಒಪ್ಪುವುದು. ಮುಂದೆ ಹೇಳುವುದೆಲ್ಲವೂ ಈ ಒಂದು ಸೂತ್ರದ ವ್ಯಾಖ್ಯಾನವೆಂದು ತಿಳಿಯತಕ್ಕದ್ದು.

ಹಜಾರದ ಅಳತೆ

ಅಂಗಡಿಗೆ ಹೊರಡುವ ಮುಂಚೆ ಅಳತೆಯ ಟೇಪನ್ನು ಕೈಗೆ ತೆಗೆದುಕೊಳ್ಳಿರಿ. ನಮ್ಮ ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಅನೇಕ ಮನೆಗಳು ೩೦ ಅಡಿ ಅಗಲ ೪೦ ಅಡಿ ಉದ್ದದ ನಿವೇಶನಗಳಲ್ಲಿ ಎದ್ದವುಗಳು. ಗೋಡೆಗಳ ದಪ್ಪ, ಮೆಟ್ಟಿಲು, ಪಕ್ಕದ ಓಣಿ ಇವುಗಳನ್ನು ಕಳೆದ ಮೇಲೆ, ಸೋಫಾದಲ್ಲಿ ಒರಗಿದವರ ಕಣ್ಣಿಗೂ ಎದುರಿನ ಗೋಡೆಗೂ ಎಂಟು ಒಂಬತ್ತು ಅಡಿಗಳ ಅಂತರವು ಸಿಕ್ಕಿದರೆ ಹೆಚ್ಚು. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಗಳಲ್ಲಿ ಆರಡಿಯೇ ಸಿಕ್ಕಬಹುದು.

ಈ ಅಂತರವನ್ನು ಅಂಗುಲಗಳಲ್ಲಿ ಬರೆದುಕೊಳ್ಳಿರಿ. ಆ ಸಂಖ್ಯೆಯ ಅರ್ಧವು ಕೆಳಗಿನ ಮಿತಿ. ಅದರ ಮೂರು ಭಾಗಗಳಲ್ಲಿ ಎರಡು ಭಾಗವು ಮೇಲಿನ ಮಿತಿ. ಆರಡಿಗೆ ೭೨ ಅಂಗುಲ. ಆದುದರಿಂದ ೩೬ಕ್ಕೂ ೪೮ಕ್ಕೂ ನಡುವೆ, ಎಂದರೆ ೪೩ ಅಂಗುಲದ ಟೀವಿಯು ಸಾಕು. ಎಂಟು ಅಡಿಗೆ ೯೬ ಅಂಗುಲ. ೪೮ಕ್ಕೂ ೬೪ಕ್ಕೂ ನಡುವೆ, ಎಂದರೆ ೫೫ ಅಂಗುಲದ್ದು ತಕ್ಕುದು. ಹತ್ತು ಅಡಿಯಿದ್ದವರು ೬೫ ಅಂಗುಲದ್ದನ್ನು ತಂದರೆ ತಪ್ಪಿಲ್ಲ. ಈ ಮಿತಿಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಹಿರಿಯರ ಕಣ್ಣು ನಿರ್ಣಯಿಸಲಿ. ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ ಸುದ್ದಿಯ ಕೆಳಗೆ ಓಡುವ ಅಕ್ಷರಗಳು ಕಾಣಬೇಕಾದರೆ ಮೇಲಿನ ಮಿತಿಯ ಕಡೆಗೆ ಹೋಗುವುದು ಲೇಸು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ೪೩, ೫೫ ಎಂಬ ಸಂಖ್ಯೆಗಳು ಅಗಲವನ್ನು ಹೇಳುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯನ್ನು ಹೇಳುವುವು. ಪೆಟ್ಟಿಗೆಯ ಮೇಲೆ ಇದೇ ಅಳತೆಯು ಸೆಂಟಿಮೀಟರುಗಳಲ್ಲಿ ಅಚ್ಚಾಗಿರುವುದು. ೪೩ ಅಂಗುಲವೆಂದರೆ ಸುಮಾರು ೧೦೯, ೫೫ ಅಂಗುಲವೆಂದರೆ ಸುಮಾರು ೧೪೦ ಸೆಂಟಿಮೀಟರು. ಪರದೆಯ ಅಗಲಕ್ಕೂ ಎತ್ತರಕ್ಕೂ ೧೬ಕ್ಕೆ ೯ರ ಪ್ರಮಾಣವಿರುವುದರಿಂದ, ೫೫ ಅಂಗುಲದ ಪರದೆಯು ೪೮ ಅಂಗುಲ ಅಗಲ, ೨೭ ಅಂಗುಲ ಎತ್ತರ ಇರುವುದು. ೪೩ ಅಂಗುಲದ್ದರ ಅಗಲ ಸುಮಾರು ೩೭ೂವರೆ ಅಂಗುಲ.

ಈ ಲೆಕ್ಕವನ್ನು ಬಿಟ್ಟವರಿಗೆ ಷೋಕೇಸು ಪಾಠವನ್ನು ಕಲಿಸುವುದು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಬಡಗಿಯಿಂದ ಗೋಡೆಯುದ್ದಕ್ಕೂ ಷೋಕೇಸನ್ನು ಮಾಡಿಸಿ, ನಡುವೆ ಆ ಕಾಲದ ದಪ್ಪ ಟೀವಿಗಾಗಿ ಒಂದು ಗೂಡನ್ನು ಬಿಡಿಸುತ್ತಿದ್ದರು. ಅಂತಹ ಗೂಡು ಆಳವಾಗಿರುವುದು, ಅಗಲವಾಗಿರುವುದಿಲ್ಲ. ಹೊಸ ಟೀವಿಯು ಅಗಲವಾಗಿರುವುದು, ಆಳವಾಗಿರುವುದಿಲ್ಲ. ಮೂರಡಿಯ ಗೂಡಿನಲ್ಲಿ ೪೩ ಅಂಗುಲದ್ದು ಕೂಡ ಹಿಡಿಸಲಾರದು. ಗೂಡಿಗೆ ತಕ್ಕಂತೆ ೩೨ ಅಂಗುಲದ್ದನ್ನು ತಂದು ಹಿರಿಯರ ಕಣ್ಣನ್ನು ದಣಿಸುವುದೂ ಸರಿಯಲ್ಲ. ಟೀವಿಗಾಗಿ ತೇಗದ ಕೆಲಸವನ್ನು ಒಡೆಸುವುದೂ ಸರಿಯಲ್ಲ. ಷೋಕೇಸಿನ ಮುಂದೆ ತಗ್ಗಾದ ಒಂದು ಮೇಜಿಟ್ಟು ಅದರ ಮೇಲೆ ಟೀವಿಯನ್ನು ನಿಲ್ಲಿಸಿದರೆ ಎರಡೂ ಉಳಿಯುವುವು.

ಗೋಡೆಗೆ ತೂಗಹಾಕುವವರು ಎತ್ತರವನ್ನು ಮರೆಯಬಾರದು. ಕುಳಿತವರ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು ೪೦ ಅಂಗುಲದ ಎತ್ತರಕ್ಕೆ, ಪರದೆಯ ನಡುಭಾಗವು ಬರಬೇಕು. ಹೋಟೆಲಿನಲ್ಲಿ ನಿಂತು ನೋಡುವವರಿಗಾಗಿ ಏರಿಸಿದಂತೆ ಮನೆಯಲ್ಲಿಯೂ ಏರಿಸಿದರೆ ಕತ್ತು ನೋಯುವುದು. ಎಪ್ಪತ್ತರ ಮೇಲಿನ ಕತ್ತಿಗಂತೂ ಇದು ಶಿಕ್ಷೆಯೇ ಸರಿ. ಗೋಡೆಯು ಟೊಳ್ಳು ಬ್ಲಾಕುಗಳದಾಗಿದ್ದರೆ ಅದಕ್ಕೆ ತಕ್ಕ ಬೋಲ್ಟುಗಳನ್ನೇ ಹಾಕಬೇಕೆಂದು ಕೂರಿಸಲು ಬಂದವನಿಗೆ ಮುಂಚಿತವಾಗಿ ಹೇಳಿರಿ.

ಅಂಗಡಿಯ ಬೆಳಕೂ ಮನೆಯ ಬೆಳಕೂ

ಅಂಗಡಿಯಲ್ಲಿ ಸಾಲುಸಾಲಾಗಿ ಹೊತ್ತಿಸಿಟ್ಟಿರುವ ಟೀವಿಗಳಲ್ಲಿ ಜಲಪಾತಗಳೂ ಬಣ್ಣದ ಹಕ್ಕಿಗಳೂ ಹಣ್ಣಿನ ತುಂಡುಗಳೂ ಕಾಣುವುವು. ಇವು ಪ್ರದರ್ಶನಕ್ಕೆಂದೇ ತೆಗೆದ ಚಿತ್ರಗಳು. ಯಂತ್ರವನ್ನೂ ಪ್ರದರ್ಶನಕ್ಕೆಂದೇ ಅತ್ಯಂತ ಉಜ್ಜ್ವಲವಾದ ಸ್ಥಿತಿಯಲ್ಲಿಟ್ಟಿರುತ್ತಾರೆ. ಪಕ್ಕಪಕ್ಕದಲ್ಲಿ ನಿಂತ ಇಪ್ಪತ್ತರಲ್ಲಿ ಅತ್ಯಂತ ಪ್ರಕಾಶವುಳ್ಳದ್ದೇ ಶ್ರೇಷ್ಠವೆಂದು ಕಣ್ಣು ನಿರ್ಣಯಿಸುವುದು ಸಹಜ. ಮನೆಯ ರಾತ್ರಿಯ ಮಂದ ಬೆಳಕಿನಲ್ಲಿ ಅದೇ ಪ್ರಕಾಶವು ಕಣ್ಣನ್ನು ಕುಕ್ಕುವುದು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವುದಕ್ಕೆ ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟಿರುವರು. ಆದರೆ ಹಿಸುಕುವ ಅಗುಳು ನಮ್ಮ ಪಾತ್ರೆಯದೇ ಆಗಿರಬೇಕಷ್ಟೆ! ಆದುದರಿಂದ ಅಂಗಡಿಯವನಿಗೆ ಎರಡು ಪ್ರಾರ್ಥನೆಗಳನ್ನು ಮಾಡಿರಿ. ಮೊದಲನೆಯದು, ಚಿತ್ರದ ಸ್ಥಿತಿಯನ್ನು ಸಾಮಾನ್ಯಕ್ಕೋ ಸಿನಿಮಾಕ್ಕೋ ಬದಲಾಯಿಸಬೇಕೆಂಬುದು. ಎರಡನೆಯದು, ಹಕ್ಕಿಗಳನ್ನು ನಿಲ್ಲಿಸಿ ನೀವು ಮನೆಯಲ್ಲಿ ದಿನವೂ ನೋಡುವ ಚಂದನವನ್ನೋ ಬೇರೆ ಕನ್ನಡ ವಾಹಿನಿಯನ್ನೋ ಹಾಕಬೇಕೆಂಬುದು. ವಾರ್ತೆಯನ್ನೋದುವವರ ಮುಖವು ಮನುಷ್ಯರ ಮುಖದಂತೆ ಕಂಡರೆ ಯಂತ್ರವು ಒಳ್ಳೆಯದು. ಕುಂಕುಮ ಬಳಿದಂತೆ ಕಂಡರೆ ಮುಂದಿನದಕ್ಕೆ ನಡೆಯಿರಿ. ಬಳಿಕ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನೋಡಿರಿ. ಕೆಲವು ಪರದೆಗಳು ಎದುರಿನಿಂದ ಗಾಢವಾಗಿ ಕಂಡು, ಓರೆಯಿಂದ ನೋಡಿದಾಗ ಬಿಳಚಿಕೊಳ್ಳುವುವು. ಹಿರಿಯರ ಆರಾಮಕುರ್ಚಿಯು ಎಲ್ಲ ಮನೆಗಳಲ್ಲಿಯೂ ಕಿಟಕಿಯ ಪಕ್ಕದಲ್ಲಿಯೇ ಇರುವುದಷ್ಟೆ. ಅವರು ಓರೆಯಿಂದಲೇ ನೋಡತಕ್ಕವರು.

ಪರದೆಯ ಜಾತಿಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳುವೆನು. ಎಲ್‌ಇಡಿ ಎಂದು ಮಾರುವ ಟೀವಿಗಳಲ್ಲಿ ಚಿತ್ರವನ್ನು ರೂಪಿಸುವುದು ದ್ರವಸ್ಫಟಿಕದ ತೆರೆ. ಅದರ ಹಿಂದೆ ಉರಿಯುವ ಸಣ್ಣ ದೀಪಗಳು ಬೆಳಕನ್ನು ಕೊಡುವುವು. ಕ್ಯೂಎಲ್‌ಇಡಿ ಎಂಬುದೂ ಇದೇ ವಂಶದ್ದು. ಬಣ್ಣವನ್ನು ಶುದ್ಧಗೊಳಿಸುವ ಒಂದು ಪದರವು ಅದರಲ್ಲಿ ಹೆಚ್ಚಾಗಿರುವುದು. ಓಎಲ್‌ಇಡಿ ಎಂಬುದು ಬೇರೆಯ ವಂಶ. ಅದರಲ್ಲಿ ಒಂದೊಂದು ಬಿಂದುವೂ ತಾನೇ ಬೆಳಗುವುದರಿಂದ, ಕಪ್ಪು ಬೇಕಾದಲ್ಲಿ ಬಿಂದುವು ಆರಿಯೇ ಹೋಗುವುದು. ಕತ್ತಲೆಯ ದೃಶ್ಯಗಳು ಅದರಲ್ಲಿ ಅತಿಮನೋಹರ. ಆದರೆ ಅದರ ಬೆಲೆ ಹೆಚ್ಚು. ಹಗಲಿನ ಪ್ರಖರ ಬೆಳಕಿನಲ್ಲಿ ಅದರ ಹೆಚ್ಚುಗಾರಿಕೆಯು ಅಷ್ಟಾಗಿ ತೋರದು. ಇಷ್ಟಲ್ಲದೆ, ನಿಶ್ಚಲವಾದ ಒಂದೇ ಗುರುತು ದೀರ್ಘಕಾಲ ನಿಂತರೆ ಪರದೆಯ ಮೇಲೆ ಅದರ ಅಚ್ಚು ಉಳಿಯುವ ಸಂಭವವೂ ಉಂಟು. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸುದ್ದಿವಾಹಿನಿಯನ್ನು ಹಾಕಿಟ್ಟಿರುವ ಮನೆಗೆ ಎಲ್‌ಇಡಿಯೇ ಕ್ಷೇಮ; ರಾತ್ರಿ ದೀಪವಾರಿಸಿ ಸಿನಿಮಾ ನೋಡುವವರು ಓಎಲ್‌ಇಡಿಯನ್ನು ಪರಿಶೀಲಿಸಬಹುದು. ಪೂರ್ವದ ಕಿಟಕಿಯ ಎದುರಿಗೆ ಮಾತ್ರ ಯಾವುದನ್ನೂ ಇಡಬಾರದು; ಬೆಳಗಿನ ಬಿಸಿಲು ಪರದೆಯ ಮೇಲೆ ಬಿದ್ದರೆ ಚಿತ್ರಕ್ಕೆ ಬದಲಾಗಿ ನಮ್ಮ ಮುಖವೇ ಕಾಣುವುದು.

ಬಿಂದುಗಳ ಲೆಕ್ಕ

ಈಗ ಅಂಗಡಿಯವರು ಮೊದಲು ಹೇಳುವ ಮಾತು ನಾಲ್ಕು ಕೆ ಎಂಬುದು. ಪರದೆಯನ್ನು ಸೂಕ್ಷ್ಮ ಬಿಂದುಗಳ ಒಂದು ರಂಗೋಲಿಯೆಂದು ಭಾವಿಸೋಣ. ಫುಲ್ ಎಚ್‌ಡಿ ಎಂಬುದರಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ಸುಮಾರು ೨೧ ಲಕ್ಷ ಬಿಂದುಗಳು. ನಾಲ್ಕು ಕೆಯಲ್ಲಿ ಇದರ ನಾಲ್ಮಡಿ, ಸುಮಾರು ೮೩ ಲಕ್ಷ. ಎಂಟು ಕೆಯಲ್ಲಿ ಮತ್ತೂ ನಾಲ್ಮಡಿ, ೩ ಕೋಟಿಗೂ ಮೇಲೆ.

ಬಿಂದುಗಳು ಹೆಚ್ಚಿದಷ್ಟೂ ಸುಖವು ಹೆಚ್ಚುವುದೇ? ಇಲ್ಲ, ಏಕೆಂದರೆ ಕಣ್ಣಿಗೂ ಒಂದು ಮಿತಿಯುಂಟು. ಆರೋಗ್ಯವಾದ ಕಣ್ಣು ಒಂದು ಅಂಶದ ಅರುವತ್ತರಲ್ಲೊಂದು ಭಾಗಕ್ಕಿಂತ ಸೂಕ್ಷ್ಮವಾದುದನ್ನು ಬಿಡಿಸಿ ನೋಡಲಾರದೆಂಬುದು ಸಾಮಾನ್ಯ ಗಣನೆ. ಎಂಟು ಅಡಿಯ ದೂರದಲ್ಲಿ ಇದು ಸುಮಾರು ೦.೭ ಮಿಲಿಮೀಟರು ಆಗುವುದು. ೫೫ ಅಂಗುಲದ ಫುಲ್ ಎಚ್‌ಡಿ ಪರದೆಯಲ್ಲಿಯೇ ಒಂದು ಬಿಂದುವು ಸುಮಾರು ೦.೬೩ ಮಿಲಿಮೀಟರು, ಎಂದರೆ ಕಣ್ಣಿನ ಮಿತಿಗೆ ಅದೇ ಸರಿಹೋಯಿತು. ಇಂದು ೪೩ ಅಂಗುಲದ ಮೇಲಿನವುಗಳಲ್ಲಿ ಬಹುಪಾಲು ನಾಲ್ಕು ಕೆಯೇ ಆಗಿರುವುದರಿಂದ ಅದನ್ನು ಕೊಳ್ಳಬಹುದು. ಎಂಟು ಕೆಗಾಗಿ ಹೆಚ್ಚು ಹಣ ತೆರುವುದು ನಮ್ಮ ಹಜಾರಗಳಿಗೆ ವ್ಯರ್ಥ.

ಮತ್ತೊಂದು ಸಂಗತಿಯೂ ಉಂಟು. ಎಚ್‌ಡಿಯಲ್ಲದ ವಾಹಿನಿಯು ಕಳುಹಿಸುವ ಚಿತ್ರದಲ್ಲಿ ಇರುವುದು ೫೭೬ ಸಾಲುಗಳು ಮಾತ್ರ. ಅದನ್ನು ೨,೧೬೦ ಸಾಲುಗಳ ಪರದೆಗೆ ಹಿಗ್ಗಿಸುವ ಕೆಲಸವನ್ನು ಟೀವಿಯ ಒಳಗಿನ ಯಂತ್ರವು ಮಾಡಬೇಕಾಗಿದೆ. ಬಾಲ್ಯದ ಅಂಗಿಯನ್ನು ಯೌವನದ ಮೈಗೆ ಎಳೆದಂತೆ, ಕೆಲವು ಯಂತ್ರಗಳು ಇದನ್ನು ಹರಿಯುವಂತೆ ಎಳೆಯುವುವು. ಕೆಲವು ನಾಜೂಕಾಗಿ ಹೊಲಿಗೆ ಬಿಚ್ಚಿ ಹೊಂದಿಸುವುವು. ಅಂಗಡಿಯಲ್ಲಿ ಮನೆಯ ವಾಹಿನಿಯನ್ನೇ ಹಾಕಿಸಿ ನೋಡಿರೆಂದು ಹೇಳಿದುದಕ್ಕೆ ಇದೂ ಒಂದು ಕಾರಣ.

ಕಿವಿಗೆ ಸಲ್ಲಬೇಕಾದುದು

ಹಳೆಯ ಟೀವಿಯ ದಪ್ಪ ಪೆಟ್ಟಿಗೆಯಲ್ಲಿ ಧ್ವನಿಗೆ ಸ್ಥಳವಿತ್ತು. ಸ್ಪೀಕರುಗಳು ಅನೇಕವುಗಳಲ್ಲಿ ನಮ್ಮ ಕಡೆಗೇ ಮುಖಮಾಡಿರುತ್ತಿದ್ದುವು. ಹೊಸದರಲ್ಲಿ ದೇಹವು ತೆಳುವಾದುದರಿಂದ ಸ್ಪೀಕರುಗಳು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಅಡಗಿರುವುವು. ಧ್ವನಿಯು ಗೋಡೆಗೆ ಬಡಿದು ನಮ್ಮ ಬಳಿಗೆ ಬರುವುದು. ಯುವಕರಿಗೆ ಇದು ಅಷ್ಟಾಗಿ ತಿಳಿಯದು. ವಯಸ್ಸಾದವರಿಗೆ ಸಂಗೀತದ ಸದ್ದು ಕೇಳಿಸಿ ಮಾತು ಮಾತ್ರ ಕೇಳಿಸದಂತಾಗುವುದು. ವಯಸ್ಸಿನೊಂದಿಗೆ ಕಿವಿಯು ಮೊದಲು ಕಳೆದುಕೊಳ್ಳುವುದು ಏರುಸ್ವರಗಳನ್ನು. ಸ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆಯು ಇರುವುದು ಬಹುಮಟ್ಟಿಗೆ ಅಲ್ಲಿಯೇ. ಧ್ವನಿಯನ್ನು ಎಷ್ಟು ಏರಿಸಿದರೂ ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ತೊಂದರೆಯಾಗುವುದು.

ಆದುದರಿಂದ ಪರದೆಯಲ್ಲಿ ಒಂದು ಮೆಟ್ಟಿಲು ಇಳಿದಾದರೂ ಧ್ವನಿಗೆ ಸ್ವಲ್ಪ ಹಣವನ್ನು ಉಳಿಸಿಕೊಳ್ಳುವುದು ವಿವೇಕ. ಟೀವಿಯ ಕೆಳಗೆ ಇಡುವ ಸೌಂಡ್‌ಬಾರ್ ಎಂಬ ಉದ್ದನೆಯ ಸ್ಪೀಕರು ಮಾತನ್ನು ಎದುರಿಗೆ ತರುವುದು. ಅದನ್ನು ಕೂಡಿಸಲು ಟೀವಿಯ ಹಿಂದೆ ಎಚ್‌ಡಿಎಂಐ ಎಂಬ ರಂಧ್ರಗಳಲ್ಲಿ ಒಂದರ ಪಕ್ಕದಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಎಂಬ ಅಕ್ಷರಗಳಿರಬೇಕು. ಸೆಟ್‌ಟಾಪ್ ಬಾಕ್ಸಿಗೆ ಒಂದು, ಸೌಂಡ್‌ಬಾರಿಗೆ ಒಂದು, ಮುಂದೆ ಬರಬಹುದಾದುದಕ್ಕೆ ಒಂದು, ಹೀಗೆ ಮೂರು ರಂಧ್ರಗಳಾದರೂ ಇರಲಿ. ಮಾತನ್ನು ಎತ್ತಿ ತೋರಿಸುವ ಏರ್ಪಾಡು ಕೆಲವು ಟೀವಿಗಳಲ್ಲಿಯೇ ಇರುವುದು. ಅದನ್ನು ತೋರಿಸೆಂದು ಅಂಗಡಿಯಲ್ಲಿಯೇ ಕೇಳಿರಿ.

ಕೈಗೆ ಒದಗಬೇಕಾದುದು

ಇನ್ನು ಮುಖ್ಯವಾದ ವಿಷಯಕ್ಕೆ ಬರುವೆನು. ಬನಶಂಕರಿಯಲ್ಲಿ ನನಗೆ ಪರಿಚಿತರಾದ ಒಂದು ಕುಟುಂಬದಲ್ಲಿ ದೊಡ್ಡ ಟೀವಿಯೊಂದನ್ನು ತಂದರು. ಆ ಮನೆಯ ಅಜ್ಜಿಗೆ ಎಪ್ಪತ್ತೆಂಟು ವರ್ಷ. ಸಂಜೆ ದೇವರಿಗೆ ದೀಪ ಹಚ್ಚಿ, ತಾವೇ ಟೀವಿ ಹಾಕಿ, ಕನ್ನಡ ವಾರ್ತೆಯನ್ನು ಕೇಳುವುದು ಅವರ ಬಹುವರ್ಷಗಳ ಕ್ರಮ. ಹೊಸದಕ್ಕೆ ರಿಮೋಟುಗಳು ಎರಡು. ಗುಂಡಿಯನ್ನೊತ್ತಿದರೆ ವಾರ್ತೆಯ ಬದಲು ಸಿನಿಮಾಗಳ ಚಿತ್ರಗಳು ಸಾಲಾಗಿ ತೋರುವುವು. ಏನೋ ಒತ್ತಿದರೆ ಏನೋ ತೆರೆಯುವುದು. ಎರಡು ದಿನ ಮೊಮ್ಮಗನನ್ನು ಕರೆದರು. ಮೂರನೆಯ ದಿನ ಅವನು ಮೊಬೈಲಿನಿಂದ ಕಣ್ಣೆತ್ತದೆ “ಬಂದೆ ಅಜ್ಜಿ” ಎಂದನು, ಬರಲಿಲ್ಲ. ಆಮೇಲೆ ಅವರು ಕರೆಯುವುದನ್ನೇ ಬಿಟ್ಟು, ಸಂಜೆ ಒಳಕೋಣೆಯಲ್ಲಿ ಕುಳಿತುಕೊಳ್ಳತೊಡಗಿದರು. “ಅಮ್ಮನಿಗೆ ಈಚೆಗೆ ಟೀವಿಯಲ್ಲಿ ಆಸಕ್ತಿಯಿಲ್ಲ” ಎಂದು ಮಗನು ಎಲ್ಲರಿಗೂ ಹೇಳುತ್ತಿದ್ದನು. ಮನೆಗೆ ಬಂದಿದ್ದ ಮಗಳು ವಿಚಾರಿಸಿದಾಗ, “ನನ್ನ ಮನೆಯಲ್ಲಿ ವಾರ್ತೆ ಕೇಳೋದಕ್ಕೆ ನಾನು ಇನ್ನೊಬ್ಬರನ್ನು ಬೇಡಬೇಕೇನೇ?” ಎಂದರಂತೆ.

ಪರಿಹಾರವು ಅರ್ಧ ಗಂಟೆಯದಾಗಿತ್ತು. ಹೊತ್ತಿಸಿದೊಡನೆ ಸೆಟ್‌ಟಾಪ್ ಬಾಕ್ಸಿನ ಚಿತ್ರವೇ ಬರುವಂತೆ ಮಾಡುವ ಏರ್ಪಾಡು ಅನೇಕ ಟೀವಿಗಳಲ್ಲಿ ಉಂಟು. ಮಗಳು ಅದನ್ನು ಹುಡುಕಿ ಮಾಡಿದಳು. ಟೀವಿಯೂ ಬಾಕ್ಸೂ ಒಂದೇ ರಿಮೋಟಿಗೆ ಓಗೊಡುವಂತೆಯೂ ಮಾಡಿದಳು. ಹೊತ್ತಿಸುವ ಗುಂಡಿಗೆ ಕೆಂಪು ಟೇಪಿನ ಚೂರು, ಧ್ವನಿಯ ಗುಂಡಿಗೆ ಹಳದಿಯದು. ವಾಹಿನಿಯ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಬರೆದು ಪಂಚಾಂಗದ ಪಕ್ಕದಲ್ಲಿ ತೂಗಹಾಕಿದಳು. ಅಜ್ಜಿಯು ಹಜಾರಕ್ಕೆ ಮರಳಿ ಬಂದರು.

ಈ ಪರೀಕ್ಷೆಯನ್ನು ಕೊಂಡ ಮೇಲೆ ಮಾಡುವುದಕ್ಕಿಂತ ಕೊಳ್ಳುವ ಮುಂಚೆ ಮಾಡುವುದು ಉತ್ತಮ. ಸಾಧ್ಯವಾದರೆ ಮನೆಯ ಹಿರಿಯರನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ಕುರ್ಚಿಯೊಂದನ್ನು ಹಾಕಿಸಿ ರಿಮೋಟನ್ನು ಅವರ ಕೈಗೆ ಕೊಡಿರಿ. ಯಾರೂ ಬಾಯಿ ಹಾಕದೆ, ಅವರು ತಾವಾಗಿಯೇ ಟೀವಿಯನ್ನು ಹೊತ್ತಿಸಿ, ಧ್ವನಿಯನ್ನು ಏರಿಸಿ ಇಳಿಸಿ, ಆರಿಸಲಿ. ಕನ್ನಡದಲ್ಲಿ ಮಾತನಾಡಿ ಹುಡುಕಬಹುದೆಂದು ಅಂಗಡಿಯವನು ಹೇಳಿದರೆ, ಅವರೇ ಮಾತನಾಡಿ ನೋಡಲಿ. ಯಾವ ಯಂತ್ರವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೋ ಅದಕ್ಕೆ ಬೇರೆ ಪ್ರಶಸ್ತಿಪತ್ರವು ಬೇಕಾಗಿಲ್ಲ.

ಮಕ್ಕಳ ವಿಚಾರ

ಹಿರಿಯರ ವಿಷಯದಲ್ಲಿ ಪ್ರಶ್ನೆಯು ಟೀವಿಯು ಸುಲಭವಾಗಿರಬೇಕೆಂಬುದಾದರೆ, ಕಿರಿಯರ ವಿಷಯದಲ್ಲಿ ಅದು ಅತಿಸುಲಭವಾಗಿರಬಾರದೆಂಬುದು. ಎರಡು ವರ್ಷ ತುಂಬದ ಶಿಶುಗಳಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದೂ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ವಿಧಿಸಿತು. ಊಟ ಮಾಡಿಸುವ ಉಪಾಯವಾಗಿ ಟೀವಿ ಹಾಕುವ ತಾಯಂದಿರು ಇದನ್ನು ಗಮನಿಸತಕ್ಕದ್ದು. ಮಕ್ಕಳಿಗಾಗಿ ಗುಪ್ತಸಂಖ್ಯೆಯ ಬೀಗವನ್ನು ಹಾಕುವ ಅನುಕೂಲವು ಟೀವಿಯಲ್ಲಿದೆಯೇ ಎಂದು ಕೇಳಿ, ಮೊದಲ ದಿನವೇ ಹಾಕಿರಿ.

ಇನ್ನೊಂದು ಅಪಾಯವನ್ನು ಬಹುಜನರು ಯೋಚಿಸುವುದಿಲ್ಲ. ಹೊಸ ಟೀವಿಯು ಅಗಲವಾಗಿಯೂ ತೆಳುವಾಗಿಯೂ ಇರುವುದರಿಂದ, ಎರಡು ಪುಟ್ಟ ಕಾಲುಗಳ ಮೇಲೆ ಮೇಜಿನ ಅಂಚಿನಲ್ಲಿ ನಿಂತಾಗ ಮುಂದಕ್ಕೆ ಮಗುಚಬಲ್ಲುದು. ಮೇಜಿನ ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುವ ಮಗುವಿನ ಮೇಲೆ ಅದು ಬಿದ್ದರೆ ಪ್ರಾಣಾಪಾಯವೇ ಒದಗಬಹುದು. ಮಗುವಿರುವ ಮನೆಯಲ್ಲಿ ಟೀವಿಯನ್ನು ಗೋಡೆಗೆ ಬಿಗಿಯುವುದು, ಇಲ್ಲವೆ ಹಿಂದಿನಿಂದ ಪಟ್ಟಿಯಿಂದ ಗೋಡೆಗೆ ಕಟ್ಟುವುದು ಅವಶ್ಯಕರ್ತವ್ಯ.

ನಾವು ನೋಡುವ ಟೀವಿಯು ನಮ್ಮನ್ನು ನೋಡುವುದೇ?

ಇಂಟರ್‌ನೆಟ್ಟಿಗೆ ಕೂಡಿಸಿದ ಟೀವಿಯು ನಾವು ಏನನ್ನು ಎಷ್ಟು ಹೊತ್ತು ನೋಡಿದೆವೆಂಬುದನ್ನು ಗುರುತಿಸಿ, ತಯಾರಕರಿಗೆ ವರದಿ ಮಾಡಬಲ್ಲುದು. ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ ವಿಜಿಯೋ ಎಂಬ ಕಂಪನಿಯು ೧ ಕೋಟಿ ೧೦ ಲಕ್ಷ ಟೀವಿಗಳಿಂದ ಹೀಗೆ ವಿವರಗಳನ್ನು ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪವನ್ನು ಎದುರಿಸಿ, ೨೦೧೭ರಲ್ಲಿ ೨೨ ಲಕ್ಷ ಡಾಲರುಗಳನ್ನು ತೆತ್ತು ವ್ಯಾಜ್ಯವನ್ನು ಮುಗಿಸಿಕೊಂಡಿತು. ನಮ್ಮ ದೇಶದಲ್ಲಿಯೂ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಒಂದು ಕಾಯಿದೆಯಾಯಿತು. ಟೀವಿಯನ್ನು ಮೊದಲು ಹೊತ್ತಿಸಿದಾಗ ಅದು ಒಂದಾದ ಮೇಲೊಂದು ಒಪ್ಪಿಗೆಯನ್ನು ಕೇಳುವುದು. ಕೂರಿಸಲು ಬಂದ ಹುಡುಗನು ಅವಸರದಿಂದ ಎಲ್ಲಕ್ಕೂ ಒಪ್ಪಿಗೆಯೆಂದು ಒತ್ತುವುದುಂಟು. ಅವನ ಕೈಯಿಂದ ರಿಮೋಟನ್ನು ತೆಗೆದುಕೊಂಡು ನೀವೇ ಓದಿ ಒತ್ತಿರಿ. ನೋಡುವ ವಿವರಗಳನ್ನು ಹಂಚಿಕೊಳ್ಳುವುದಕ್ಕೂ ಜಾಹೀರಾತುಗಳಿಗೂ ಸಂಬಂಧಿಸಿದ 'ಹೌದು'ಗಳನ್ನು 'ಇಲ್ಲ' ಮಾಡಿದರೆ ಚಿತ್ರಕ್ಕೇನೂ ಕೊರತೆಯಾಗದು.

ಕೊಳ್ಳುವ ದಿನ

ಬೆಲೆಯ ವಿಷಯವಾಗಿ ಒಂದು ಮಾತು. ೩೨ ಅಂಗುಲಕ್ಕೆ ಮೀರಿದ ಟೀವಿಗಳ ಮೇಲೆ ಇದ್ದ ಶೇಕಡ ೨೮ರ ಜಿಎಸ್‌ಟಿಯು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡ ೧೮ಕ್ಕೆ ಇಳಿಯಿತು. ಆದುದರಿಂದ ಅದಕ್ಕಿಂತ ಹಳೆಯ ಬೆಲೆಯನ್ನು ತೋರಿಸಿ ಭಾರಿ ರಿಯಾಯಿತಿಯೆಂದು ಹೇಳುವವರ ಲೆಕ್ಕವನ್ನು ಎರಡು ಸಲ ನೋಡಿರಿ. ಬಿಐಎಸ್ ನೋಂದಣಿಯ ಗುರುತು ಯಂತ್ರದ ಮೇಲೆ ಇರಲೇಬೇಕು. ವಾರಂಟಿಯ ಕಾಗದದಲ್ಲಿ ಪ್ಯಾನೆಲ್ಲಿಗೆ ಎಷ್ಟು ವರ್ಷ, ಉಳಿದ ಭಾಗಗಳಿಗೆ ಎಷ್ಟು ವರ್ಷ ಎಂಬುದನ್ನು ಬೇರೆಬೇರೆಯಾಗಿ ಓದಿರಿ. ಪ್ಯಾನೆಲ್ಲು ಒಡೆದರೆ ಅದರ ಬೆಲೆಯು ಹೊಸ ಟೀವಿಯ ಬೆಲೆಗೆ ಸಮೀಪವಾಗುವುದು. ಪೆಟ್ಟಿಗೆಯನ್ನು ಮನೆಯಲ್ಲಿ ನಿಮ್ಮ ಎದುರಿನಲ್ಲಿಯೇ ಬಿಚ್ಚಿಸಿ, ಬಿಳಿಯ ಚಿತ್ರವೊಂದನ್ನು ಹಾಕಿಸಿ, ಗೀರು ಕಲೆಗಳಿಲ್ಲವೆಂದು ಕಂಡ ಮೇಲೆ ರುಜು ಮಾಡಿರಿ. ಮುಂದೆ ವ್ಯಾಜ್ಯವೇನಾದರೂ ಬಂದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ೨೦೧೯ರ ಗ್ರಾಹಕ ಕಾಯಿದೆಯಂತೆ, ಅಂಗಡಿಯು ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು.

ವಿದ್ಯುತ್ತಿನ ಖರ್ಚನ್ನು ನಕ್ಷತ್ರಗಳ ಚೀಟಿಯು ತಿಳಿಸುವುದು. ಗಣಿತವು ಸುಲಭ: ೧೨೦ ವಾಟಿನ ಟೀವಿಯು ದಿನಕ್ಕೆ ೫ ಗಂಟೆ ಉರಿದರೆ ತಿಂಗಳಿಗೆ ೧೮ ಯೂನಿಟ್ಟು. ಏಪ್ರಿಲ್ ಮೇ ತಿಂಗಳುಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಸಿಡಿಲುಗಳ ಮಳೆಯು ಬರುವಾಗ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು. ಟೀವಿಯ ಪ್ಲಗ್ಗನ್ನೂ ಡಿಶ್ಶಿನಿಂದ ಬರುವ ಕೇಬಲ್ಲನ್ನೂ ಕಿತ್ತಿಡಬೇಕು. ಮಾಳಿಗೆಯ ಮೇಲಿನ ಡಿಶ್ಶಿನಿಂದ ಇಳಿದು ಬರುವ ತಂತಿಯೂ ಸಿಡಿಲಿಗೆ ದಾರಿಯಾಗಬಲ್ಲುದು.

ಹಳೆಯ ಟೀವಿಯು ದಪ್ಪ ಗಾಜಿನದಾಗಿದ್ದರೆ ಅದನ್ನು ಬೀದಿಯ ಮೂಲೆಯಲ್ಲಿ ಇಟ್ಟುಬಿಡಬೇಡಿರಿ. ಆ ಗಾಜಿನಲ್ಲಿ ಸೀಸವಿದೆ. ಒಡೆದು ತಾಮ್ರವನ್ನು ಕೀಳುವವರ ಕೈಗೂ ಉಸಿರಿಗೂ ಅದು ವಿಷ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಸಂಸ್ಕರಣೆಗಾರರಿಗೆ ಸೇರಬೇಕು. ಹೊಸದನ್ನು ಕೊಡುವ ಅಂಗಡಿಯವರೇ ಹಳೆಯದನ್ನು ಒಯ್ಯುವರಾದರೆ, ಎಲ್ಲಿಗೆ ಒಯ್ಯುವರೆಂದು ಕೇಳುವ ಹಕ್ಕು ನಿಮಗುಂಟು.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ಪರದೆಯು ಎಷ್ಟು ದೊಡ್ಡದು, ಬಿಂದುಗಳು ಎಷ್ಟು ಲಕ್ಷ, ಬೆಲೆಯು ಎಷ್ಟು ಸಾವಿರ ಎಂಬ ಪ್ರಶ್ನೆಗಳು ಯಂತ್ರಕ್ಕೆ ಸೇರಿದುವು. ಉತ್ತರಗಳು ವರ್ಷವರ್ಷಕ್ಕೂ ಬದಲಾಗುವುವು. ಮನೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳುವರು, ಯಾರಿಗೆ ಎಷ್ಟು ಕಾಣುವುದು, ಯಾರಿಗೆ ಎಷ್ಟು ಕೇಳುವುದು ಎಂಬ ಪ್ರಶ್ನೆಗಳಿಗೆ ಉತ್ತರವು ಯಾವ ಅಂಗಡಿಯಲ್ಲಿಯೂ ದೊರೆಯದು. ಅವನ್ನು ಮೊದಲು ಮನೆಯಲ್ಲಿ ಕೇಳಿಕೊಂಡು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡುವವರಿಗೆ ಟೀವಿಯ ಆಯ್ಕೆಯು ಕಷ್ಟವಾಗಲಾರದು.